ಯಾರ ಮನೆಯ ಬಚ್ಚಲ ನೀರು

ನಿಂತ ನೀರಿನಲ್ಲಿ ಅನ್ನದ ಒಂದು ಅಗುಳೂ ಇರಲಿಲ್ಲ. ಸೀಗೆಕಾಯಿಯ ಸಿಪ್ಪೆ ಇತ್ತು, ಎರಡು ಬೇವಿನ ಎಲೆ ಇದ್ದವು, ಹಸಿರು ಬಳೆಯ ಒಂದು ಚೂರು ಇತ್ತು. ಮೇಲೆ ಎಣ್ಣೆಯ ಪೊರೆ ಕಾಣಲಿಲ್ಲ. ಕೊಡೆಯ ತುದಿಯಿಂದ ತಳವನ್ನು ಕೆದಕಿ ನೋಡಿದೆ. ಬೇಳೆಯ ಕಾಳು, ಮೆಣಸಿನಕಾಯಿಯ ತೊಟ್ಟು, ರೊಟ್ಟಿಯ ಚೂರು, ಯಾವುದೂ ಮೇಲೆ ಬರಲಿಲ್ಲ.

ಅದು ಹಾನಗಲ್ಲಿನ ಪೇಟೆಯ ಹಿಂದಿನ ಒಂದು ಓಣಿ. ನೀರು ನಿಂತದ್ದು ಕಿರಾಣಿ ವ್ಯಾಪಾರಿ ರುದ್ರಪ್ಪನವರ ಮನೆಯ ಕಟ್ಟೆಯ ಮುಂದೆ. ಓಣಿಯ ಮೇಲ್ತುದಿಯಲ್ಲಿ ಗಂಗವ್ವನ ಖಾನಾವಳಿ ಇತ್ತು. ಅಲ್ಲಿಯ ಮುಸುರೆ ನೀರು ಹರಿದು ಬಂದು ತಮ್ಮ ಬಾಗಿಲಲ್ಲಿ ಕೊಳೆಯುತ್ತಿದೆ ಎಂದು ರುದ್ರಪ್ಪನವರು ಅರ್ಜಿ ಕೊಟ್ಟಿದ್ದರು. ಅರ್ಜಿ ನಿಜವೆಂದು ಕಂಡರೆ ಯುಗಾದಿಗೆ ಮುಗಿಯುವ ಖಾನಾವಳಿಯ ಪರವಾನಿಗೆ ಮತ್ತೆ ಸಿಗುತ್ತಿರಲಿಲ್ಲ. ಗಂಗವ್ವನಿಗೆ ಗಂಡ ಇರಲಿಲ್ಲ, ಹೊಲ ಇರಲಿಲ್ಲ. ಇಬ್ಬರು ಹೆಣ್ಣುಮಕ್ಕಳು ಇದ್ದರು, ಒಂದು ಒಲೆ ಇತ್ತು. ಆ ಒಲೆ ಉಳಿಯುವುದೋ ಆರುವುದೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು.

ನಾನು ಆಗ ಆರೋಗ್ಯ ಸಂದರ್ಶಕಿ. ಜನರ ಬಾಯಲ್ಲಿ ‘ಆರೋಗ್ಯದ ಬಾಯಾರು’, ಅಂದರೆ ಆರೋಗ್ಯದ ಅಮ್ಮನವರು. ವಿಜ್ಞಾನದ ಪದವಿ ಮುಗಿಸಿ, ಪುಣೆಯಲ್ಲಿ ತರಬೇತಿ ಪಡೆದು ಈ ಕೆಲಸಕ್ಕೆ ಸೇರಿದೆ. ಹಿರೇಕೆರೂರು, ಶಿಗ್ಗಾಂವಿ, ಹಾನಗಲ್ಲು, ನಡುವೆ ಸವಣೂರಿನಲ್ಲಿ ಕೆಲವು ದಿನ, ಹೀಗೆ ಓಣಿ ಓಣಿ ನಡೆದೆ. ಈಗ ಆ ಹುದ್ದೆಯನ್ನೇ ತೆಗೆದುಹಾಕಿದ್ದಾರೆ. ನಿವೃತ್ತಿಯ ಕಾಗದ ಬಂದಾಗ ನನ್ನ ತಲೆಯಲ್ಲಿ ಒಂದು ಬಿಳಿ ಕೂದಲೂ ಇರಲಿಲ್ಲ, ಹೀಗಾಗಿ ‘ನಿವೃತ್ತಳು’ ಎಂದು ಹೇಳಿಕೊಂಡರೆ ಕೇಳಿದವರು ನಗುತ್ತಾರೆ. ಅದೇ ಕೆಲಸಕ್ಕೆ ಬೇರೆ ಹೆಸರಿಟ್ಟು ಹೊಸ ಹುಡುಗಿಯರನ್ನು ತೆಗೆದುಕೊಳ್ಳುತ್ತಿದ್ದಾರೆಂದು ಕೇಳಿದ್ದೇನೆ. ಇದು ಅವರಿಗಾಗಿ ಬರೆದದ್ದು. ನನ್ನ ಮನೆಯ ವಿಚಾರ ಇಲ್ಲಿ ಬರುವುದಿಲ್ಲ. ಬೇರೆಯವರ ಬಚ್ಚಲಿನ ವಿಚಾರ ಬೇಕಾದಷ್ಟು ಬರುತ್ತದೆ.

ಕೊಳೆ ನೀರಿನಲ್ಲಿ ಕೊಡೆ ಆಡಿಸುವ ಮಟ್ಟಕ್ಕೆ ನಾನು ಒಂದೇ ದಿನಕ್ಕೆ ಬಂದವಳಲ್ಲ. ಮೊದಮೊದಲು ಎಲ್ಲವೂ ಗೊತ್ತಿದ್ದವಳ ಹಾಗೆ ನಡೆದುಕೊಳ್ಳುತ್ತಿದ್ದೆ. ಅದನ್ನು ಬಿಡಿಸಿದ್ದು ಹಿರೇಕೆರೂರು ತಾಲೂಕಿನ ಒಂದು ಬಾವಿ.

ರಟ್ಟೀಹಳ್ಳಿಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ವಾಂತಿಭೇದಿ ಕಾಣಿಸಿಕೊಂಡಿತ್ತು. ಕುಡಿಯುವ ನೀರಿನ ಬಾವಿಯ ಸುತ್ತ ಕೆಸರು. ದನಗಳು ಅಲ್ಲೇ, ಬಟ್ಟೆ ಒಗೆಯುವುದು ಅಲ್ಲೇ. ನಾನು ಚಿತ್ರದ ಹಾಳೆಗಳನ್ನು ಗೋಡೆಗೆ ಹಚ್ಚಿ ವಿವರಿಸಿದ್ದೆ. ಜನ ತಲೆಯಾಡಿಸಿ, ಅದೇ ಕೆಸರಿನಲ್ಲಿ ಕೊಡ ಇಟ್ಟು ನೀರು ಸೇದಿದ್ದರು. ಕೊನೆಗೆ ಒಂದು ಮುಂಜಾನೆ, ಯಾರಿಗೂ ಹೇಳದೆ, ರೋಗಾಣು ಕೊಲ್ಲುವ ಪೊಟ್ಯಾಶಿನ ಕೆಂಪು ಹರಳನ್ನು ನೀರಿನಲ್ಲಿ ಕದಡಿ ಬಾವಿಗೆ ಹಾಕಿಬಿಟ್ಟೆ. ಮೊದಲು ಹಾಕಿ ಆಮೇಲೆ ತಿಳಿಸಿದರಾಯಿತು ಎಂಬುದು ನನ್ನ ಲೆಕ್ಕ.

ಚಾವಡಿಗೆ ಹೋಗಿ ಮರಳುವಷ್ಟರಲ್ಲಿ ಬಾವಿಯ ಸುತ್ತ ಊರಿನ ಹೆಂಗಸರೆಲ್ಲ ನೆರೆದಿದ್ದರು. ಬೈಗುಳಕ್ಕೆ ಸಿದ್ಧಳಾಗಿ ಹತ್ತಿರ ಹೋದೆ. ಅಲ್ಲಿ ಆರತಿಯ ತಟ್ಟೆ ಇತ್ತು, ಹಸಿರು ಬಳೆ ಇದ್ದವು, ಕುಬಸದ ಖಣ ಇತ್ತು, ಎಳ್ಳು ಬೆಲ್ಲ ಕುಟ್ಟಿದ ಚಿಗಳಿ ಇತ್ತು.

“ಬರ್ರಿ ಬಾಯಾರ, ಬರ್ರಿ. ಸರಿ ವ್ಯಾಳ್ಯಾಕ್ಕ ಬಂದ್ರಿ,” ಎಂದಳು ಒಬ್ಬ ಮುದುಕಿ. “ನಮ್ಮ ಬಾವೆವ್ವ ದೊಡ್ಡಾಕಿ ಆಗ್ಯಾಳ.”

ನಾನು ಬಾವಿಯೊಳಗೆ ಇಣುಕಿ ನೋಡಿದೆ. ನೀರು ಗುಲಾಬಿ ಕೆಂಪಾಗಿತ್ತು. ಡಬ್ಬಿ ತೆಗೆದು ತೋರಿಸಿ, ಇದು ಔಷಧದ ಬಣ್ಣ, ನಾನೇ ಹಾಕಿದ್ದು ಎಂದೆ.

“ಚೊಲೊ ಮಾಡಿದ್ರಿ. ತಡಾ ಆಗಿತ್ತು ಬಿಡ್ರಿ,” ಎಂದಳು ಆಕೆ. “ನಮ್ಮ ಮುತ್ಯಾ ತೋಡಿಸಿದ ಬಾವಿ. ಇಷ್ಟು ವರ್ಷ ಔಷಧ ಕೊಡವರು ಇಲ್ದನ ಕುಂತಿದ್ಲು.”

ಸೋಬಾನ ಹಾಡಲು ನನ್ನನ್ನು ಒತ್ತಾಯಿಸಿದರು. ನನಗೆ ಹಾಡಲು ಬರುವುದಿಲ್ಲ. ತಟ್ಟೆ ಹಿಡಿದು ನಿಂತೆ. ನೀರಿನ ಬಣ್ಣ ಬಹಳ ಹೊತ್ತು ಉಳಿಯಲಿಲ್ಲ. ಆದರೆ ಬಾವಿಯ ಸುತ್ತಲಿನ ಕೆಸರನ್ನು ಹೆಂಗಸರೇ ತೆಗೆದು, ಕಲ್ಲು ಹಾಸಿ, ಸಗಣಿ ಸಾರಿಸಿದರು. ದೊಡ್ಡಾಕಿ ಆದ ಹುಡುಗಿಯ ಹತ್ತಿರ ದನ ಬಿಡುವುದುಂಟೆ? ಬಟ್ಟೆ ಒಗೆಯುವ ಬಂಡೆಯನ್ನು ಗಂಡಸರಿಂದ ಹೊರಿಸಿ ಹಳ್ಳದ ಕಡೆಗೆ ಸಾಗಿಸಿದರು. ನನ್ನ ಚಿತ್ರದ ಹಾಳೆಗಳು ಮಾಡದ ಕೆಲಸವನ್ನು ಒಂದು ತಟ್ಟೆ ಚಿಗಳಿ ಮಾಡಿತು.

ಊರ ಹೊರಗಿನ ಕೇರಿಯ ಹೆಂಗಸರು ಇದನ್ನೆಲ್ಲ ದೂರ ನಿಂತು ನೋಡುತ್ತಿದ್ದರು. ಅವರಿಗೆ ಆ ಬಾವಿಯ ಹತ್ತಿರ ಬರುವ ಹಾಗಿರಲಿಲ್ಲ. ಅವರ ಬಾವಿ ಬೇರೆ. ನಾನು ಅತ್ತ ನಡೆದಾಗ ಒಬ್ಬಾಕೆ ಕೇಳಿದಳು: “ನಮ್ಮಾಕಿ ಯಾವಾಗ ದೊಡ್ಡಾಕಿ ಆಗೂದ್ರಿ ಬಾಯಾರ? ಆಕಿನೂ ಹೆಣ್ಣ.” ಅವರ ಬಾವಿಗೆ ಹರಳು ಹಾಕುವಾಗ ಮುಂಚಿತವಾಗಿ ಹೇಳಿ ಹಾಕಿದೆ. ಹೇಳಿದರೂ ಆರತಿ ತಪ್ಪಲಿಲ್ಲ. ಅಲ್ಲಿ ಚಿಗಳಿ ಇನ್ನೂ ಚೆನ್ನಾಗಿತ್ತು.

ನಮ್ಮ ಸಾಹೇಬರಿಗೆ ಈ ಬಗೆ ಹಿಡಿಸುತ್ತಿರಲಿಲ್ಲ. ಅವರು ಸ್ಥೂಲಕಾಯದ, ಒಳ್ಳೆಯ ಮನಸ್ಸಿನ ಅಧಿಕಾರಿ. ಎರಡು ವಸ್ತುಗಳಲ್ಲಿ ಅವರಿಗೆ ಅಪಾರ ನಂಬಿಕೆ: ಫಿನೈಲು ಮತ್ತು ಡಂಗುರ. ಓಣಿ ನೋಡಲು ಬರುವ ಮೊದಲು, ಯಾವ ದಿನ, ಯಾವ ಓಣಿ ಮೊದಲು, ಯಾವುದು ಆಮೇಲೆ ಎಂದು ಡಂಗುರ ಸಾರಿಸುತ್ತಿದ್ದರು. ತಿಪ್ಪೆ ಇದ್ದವರಿಗೆ ದಂಡ.

ಶಿಗ್ಗಾಂವಿಯಲ್ಲಿ ನಾನು ಅವರ ಹಿಂದೆ ನಡೆದೆ. ಮೊದಲ ಓಣಿ ಕನ್ನಡಿಯ ಹಾಗಿತ್ತು. ಎರಡನೆಯದು ಹಾಗೆಯೇ, ಮೂರನೆಯದು ಹಾಗೆಯೇ. ಸಾಹೇಬರು ನಿಂತು ಗಾಳಿ ಮೂಸಿ, “ನೋಡ್ರಿ ಬಾಯಾರ, ಡಂಗುರದ ಪ್ರಭಾವ,” ಎಂದರು. ಕೊನೆಯ ಓಣಿಯಲ್ಲಿ ಅವರಿಗೆ ಕೊಡೆಯ ನೆನಪಾಯಿತು. ಮೊದಲ ಓಣಿಯ ಒಂದು ಕಟ್ಟೆಯ ಮೇಲೆ ಬಿಟ್ಟು ಬಂದಿದ್ದರು. ಬಂದ ದಾರಿಯಲ್ಲೇ ತಿರುಗಿದೆವು.

ಪ್ರತಿ ಓಣಿಯಲ್ಲೂ ತಿಪ್ಪೆ ಇತ್ತು. ನಾವು ಮೊದಲ ಓಣಿ ದಾಟಿದ ಕೂಡಲೇ ಎರಡನೆಯ ಓಣಿಯವರು ತಮ್ಮ ಕಸವನ್ನು ಚಕ್ಕಡಿಯಲ್ಲಿ ತಂದು ಅಲ್ಲಿ ಸುರಿದಿದ್ದರು. ಎರಡನೆಯದು ದಾಟಿದ ಮೇಲೆ ಮೂರನೆಯವರು. ಸಾಹೇಬರ ಕೊಡೆ ಗೊಬ್ಬರದ ಗುಡ್ಡದ ಆಚೆ ಸುರಕ್ಷಿತವಾಗಿತ್ತು.

“ನಾವು ಬರುವಾಗ ಇದು ಇತ್ತೇನು?” ಎಂದು ಸಾಹೇಬರು ಅಲ್ಲಿಯ ಹಿರಿಯರನ್ನು ಕೇಳಿದರು.

“ಇರಲಿಲ್ರಿ ಸಾಹೇಬ್ರ. ಇದು ಬಾಜೂ ಓಣೀದು. ನೀವು ಬಂದೀರಿ ಅಂತ ಕೇಳಿ ನೋಡಾಕ ಬಂದೈತ್ರಿ.”

ಸಾಹೇಬರು ಗೋಡೆಯ ಕಡೆ ತಿರುಗಿದರು. ಅವರ ಭುಜ ಕುಣಿಯುತ್ತಿತ್ತು. ಸಿಟ್ಟಿನಿಂದ ಅಲ್ಲ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅಂದಿನಿಂದ ಅವರು ಡಂಗುರ ಬಿಟ್ಟರು, ಫಿನೈಲು ಬಿಡಲಿಲ್ಲ.

ಸವಣೂರು ಆಗ ಬೇರೆ ಸಂಸ್ಥಾನ. ಅಲ್ಲಿ ನನಗೆ ಅಧಿಕಾರ ಇರಲಿಲ್ಲ. ಹೆರಿಗೆ ಮಾಡಿಸುವ ಹೆಂಗಸರಿಗೆ ನಾಲ್ಕು ಮಾತು ಹೇಳಲು ಕರೆದಿದ್ದರು, ಹೋಗಿದ್ದೆ. ಎಲೆಬಳ್ಳಿಯ ಊರು ಅದು. ಎಲ್ಲರ ಬಾಯಲ್ಲೂ ವೀಳ್ಯ, ಎಲ್ಲ ಮೂಲೆಯ ಗೋಡೆಯೂ ಕೆಂಪು. ಒಂದು ಓಣಿಯ ಗೋಡೆಗಳು ಮಾತ್ರ ಸುಣ್ಣ ಬಳಿದ ಹಾಗೇ ಬೆಳ್ಳಗಿದ್ದವು. ಕಾರಣ ಕೇಳಿದೆ. ತಿರುವಿನ ಮನೆಯ ಕಿಟಕಿಯ ಬಿದಿರಿನ ಪರದೆಯನ್ನು ತೋರಿಸಿದರು. ಅದರ ಹಿಂದೆ ಒಬ್ಬ ಮುದುಕಿ ಇದ್ದರು. ಕಣ್ಣು ಮಂಜಾಗಿತ್ತು, ಹೊರಗೆ ಬರುತ್ತಿರಲಿಲ್ಲ. ಆದರೆ ಓಣಿಯ ಪ್ರತಿ ಗಂಡಸಿನ ಗಂಟಲಿನ ಸದ್ದೂ ಅವರಿಗೆ ಗೊತ್ತು. ನಾನು ಅಲ್ಲಿ ನಿಂತಿದ್ದಾಗಲೇ ಒಬ್ಬಾತ ಮೂಲೆಗೆ ಬಂದು ಕ್ಯಾಕರಿಸಿದ.

“ಯಾರದು, ಮಕ್ತುಂನೇನು?” ಎಂದು ಪರದೆಯ ಒಳಗಿಂದ ಮೆಲ್ಲಗೆ ಕೇಳಿ ಬಂತು. “ನಿಮ್ಮ ಅವ್ವ ಆರಾಮದಾಳ? ಆಕಿ ಮನೀ ಗ್ವಾಡಿಗೂ ಹಿಂಗ ಬಣ್ಣಾ ಹಚ್ಚಿ ಕೊಡ್ತೀಯೇನಪಾ?”

ಆತ ಬಾಯಲ್ಲಿದ್ದದ್ದನ್ನು ನುಂಗಿಕೊಂಡ. ಕೆಮ್ಮು ಬಂತು, ಅದನ್ನೂ ನುಂಗಿಕೊಂಡ. ದಂಡ ಹಾಕುವ ಅಧಿಕಾರಿ ಊರಿಗೆ ಒಬ್ಬ ಇದ್ದರೆ, ನಿಮ್ಮ ಅವ್ವ ಹೇಗಿದ್ದಾಳೆ ಎಂದು ಕೇಳುವವರು ಓಣಿಗೆ ಒಬ್ಬರು ಬೇಕು. ಹೊಸದಾಗಿ ಬರುವವರು ಮೊದಲು ಅಂಥವರ ಮನೆ ಎಲ್ಲಿದೆ ಎಂದು ವಿಚಾರಿಸಲಿ.

ಹಾನಗಲ್ಲಿನ ಓಣಿಯಲ್ಲಿ ಅಂಥವರು ಇದ್ದರು. ಅಡ್ಡಿಯೆಂದರೆ ಅವರು ಅರ್ಜಿದಾರ ರುದ್ರಪ್ಪನವರ ತಾಯಿಯಾಗಿದ್ದರು. ಹೆಸರು ಬಸಲಿಂಗವ್ವ.

ಆ ಓಣಿಯ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಒಬ್ಬರ ಬಚ್ಚಲ ನೀರು ಇನ್ನೊಬ್ಬರ ಹೊಸ್ತಿಲ ಮುಂದೆ ಹಾಯಬಾರದು; ಹಾಯ್ದರೆ ಲಕ್ಷ್ಮಿ ಅದರ ಹಿಂದೆಯೇ ಹೋಗುತ್ತಾಳೆ. ಹಾಗಾಗಿ ಪ್ರತಿ ಮನೆಯ ಎಲ್ಲೆಯಲ್ಲೂ ಮಣ್ಣಿನ ಒಂದು ಪುಟ್ಟ ಒಡ್ಡು. ಬೆಳಿಗ್ಗೆ ಎಲ್ಲರೂ ತಮ್ಮ ಅಂಗಳವನ್ನು ಚೊಕ್ಕವಾಗಿ ಗುಡಿಸಿ, ನೀರು ಹಾಕಿ, ರಂಗೋಲಿ ಬಿಡುತ್ತಿದ್ದರು. ಒಡ್ಡಿನ ಆಚೆಯದು ಅವರದಲ್ಲ. ನೆಲದ ಕೆಳಗೆ ಹಿರಿಯರು ಕಟ್ಟಿಸಿದ ಕಲ್ಲಿನ ಗಟಾರವೊಂದು ಇತ್ತು. ಅದು ಎಲ್ಲಿ ಹುಟ್ಟಿ ಎಲ್ಲಿ ಮುಗಿಯುತ್ತದೆ ಎಂಬುದು ಯಾರಿಗೂ ತಿಳಿದಿರಲಿಲ್ಲ. ರುದ್ರಪ್ಪನವರ ವಾದ ನಿಂತದ್ದು ಆ ಗಟಾರದ ಮೇಲೆ.

“ನಾ ಯಾರ ಹೊಟ್ಟಿ ಮ್ಯಾಲೂ ಕಾಲಿಡಾಂವಲ್ರಿ ಬಾಯಾರ,” ಎಂದರು ಅವರು. ಮಾತು ಬಹಳ ಮೃದು. ಶುಭ್ರವಾದ ಧೋತರ, ಹಣೆಯ ಮೇಲೆ ಅಚ್ಚುಕಟ್ಟಾದ ವಿಭೂತಿ. “ಆದರ ನೀರು ಮ್ಯಾಲಿಂದ ಕೆಳಗ ಹರೀಬೇಕು, ಅದು ದೇವರ ಕಾಯದೆ. ಆಕಿ ಮ್ಯಾಲ ಅದಾಳ, ನಾ ಕೆಳಗ ಅದೇನಿ. ನೆಲದಾಗಿಂದ ಬರತೈತಿ.”

ಅನ್ನದ ಅಗುಳು ಇಲ್ಲವಲ್ಲ ಎಂದೆ.

“ಕಾಗಿ ತಿಂದಿರಬೇಕ್ರಿ.”

ಗಂಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ನಿಂತಿದ್ದಳು. “ನನ್ನ ಮುಸರಿ ನೀರು ನನ್ನ ಎಮ್ಮೀಗೆ ಸಾಲಂಗಿಲ್ಲ. ಯಪ್ಪಾ, ನಿಮಗ ಎಲ್ಲಿಂದ ಕಳಿಸ್ಲಿ? ಬಚ್ಚಲದ್ದು ಹಿತ್ತಲದಾಗ ಬಾಳಿಗಿಡಕ್ಕ ಹೊಕ್ಕೈತಿ.”

“ಹೊಕ್ಕೈತಿ ಅಂತ ನೀ ಅಂತಿ. ನೀರು ಅನಬೇಕಲ್ಲ,” ಎಂದರು ರುದ್ರಪ್ಪನವರು.

ಸಾಹೇಬರ ತೀರ್ಪು ಸರಳವಾಗಿತ್ತು. “ಖಾನಾವಳಿ ಅಂದ ಮ್ಯಾಲ ನೀರು ಇದ್ದದ್ದ. ಬ್ಯಾರೆ ಕಡೆಯಿಂದ ಬರ್ತದ ಅಂತ ನೀವು ತೋರಿಸಿದ್ರ ನೋಡೋಣ. ಯುಗಾದಿ ತನಕ ವ್ಯಾಳ್ಯಾ ಅದ.”

ನೀರು ತಾನೇ ಹೇಳಬೇಕಾದರೆ ಅದಕ್ಕೆ ಬಣ್ಣ ಬೇಕು. ಗಂಗವ್ವನ ಬಚ್ಚಲಿಗೆ ಕೆಂಪು ಹರಳು ಹಾಕಿ ನೋಡಿದೆ. ಅದು ಒಂದು ಮೊಳ ಹೋಗುವಷ್ಟರಲ್ಲಿ ಕಂದಾಗಿ, ಕೆಸರಿನಲ್ಲಿ ಮಾಯವಾಯಿತು. ಕೊಳೆ ಇದ್ದಲ್ಲಿ ಆ ಹರಳಿನ ಬಣ್ಣ ನಿಲ್ಲುವುದಿಲ್ಲ ಎಂಬುದನ್ನು ಪರೀಕ್ಷೆಯಲ್ಲಿ ಬರೆದು ತೇರ್ಗಡೆಯಾದವಳು ನಾನು.

ಬಸಲಿಂಗವ್ವ ಕೋಲೂರಿಕೊಂಡು ಬಂದು ನೋಡುತ್ತಿದ್ದರು. “ಅದೇನ್ರಿ ಬಾಯಾರ, ಗಂಗಿ ಬಚ್ಚಲಕ್ಕ ಕುಂಕುಮ ಏರಸಾಕತ್ತೀರಿ? ಬಣ್ಣದ ಆಟ ಆಡಬೇಕಾದ್ರ ಹೋಳಿಹುಣ್ಣಿವಿ ತನಕ ತಡೀರಿ. ಓಣಿ ತುಂಬ ಬಣ್ಣ ಹರೀತೈತಿ.”

ಅವರು ಅಣಕಿಸಲು ಹೇಳಿದರು. ನಾನು ಅವರ ಪಕ್ಕದಲ್ಲಿ ಕಟ್ಟೆಯ ಮೇಲೆ ಕುಳಿತು ಅದನ್ನೇ ಕೇಳಿಕೊಂಡೆ. ಓಕುಳಿಯ ದಿನ ಒಂದೊಂದು ಮನೆ ಒಂದೊಂದು ಬಣ್ಣ ಕಲಸಲಿ. ಮಧ್ಯಾಹ್ನ ಹಬ್ಬದ ಹಲಗೆವಾದ್ಯದ ಸದ್ದು ನಿಂತ ಮೇಲೆ, ಹಂಡೆಯಲ್ಲಿ ಉಳಿದದ್ದನ್ನು ತಮ್ಮ ತಮ್ಮ ಬಚ್ಚಲಿಗೇ ಸುರಿಯಲಿ. ಕಟ್ಟೆಯ ಮುಂದೆ ಯಾವ ಬಣ್ಣ ಬರುತ್ತದೋ ನೋಡೋಣ.

ಬಸಲಿಂಗವ್ವ ಕೋಲೆತ್ತಿ ಖಾನಾವಳಿಯ ಕಡೆ ತೋರಿಸಿದರು. “ಗಂಗೀದ ಬಂದ್ರ?”

“ಹಾಗೇ ಬರೀತೇನಿ.”

“ನನ್ನ ಮಗಂದ ಬಂದ್ರ?”

“ಹಾಗೇ ಬರೀತೇನಿ.”

“ನೀವು ಚೊಲೊ ಹೆಣ್ಣಮಗಳಲ್ಲ,” ಎಂದರು. ಸಂತೋಷದಿಂದಲೇ ಹೇಳಿದರು.

ಅವರ ಪಡಸಾಲೆಯಲ್ಲಿ ಬಣ್ಣ ಹಂಚುವ ಸಭೆ ಸೇರಿತು. ಎಲ್ಲರಿಗೂ ಕೆಂಪೇ ಬೇಕು. ನೀಲಿ ಯಾರಿಗೂ ಬೇಡ. ಬಾಣಂತಿ ಇರುವ ಮನೆಗೆ ನೀಲಿ ಬೇಡ, ಮದುವೆ ಕೂಡಿದ ಮನೆಗೆ ನೀಲಿ ಬೇಡ. ಯುದ್ಧದ ಕಾಲವಾದ್ದರಿಂದ ಪೇಟೆಯಲ್ಲಿ ಬಣ್ಣದ ಪುಡಿಯೂ ಸಿಗುತ್ತಿರಲಿಲ್ಲ. ಗಂಗವ್ವನ ಹತ್ತಿರ ಮಾತ್ರ ಯುದ್ಧಕ್ಕೆ ಮೊದಲಿನ ಒಂದು ಪೊಟ್ಟಣ ಕೆಂಪು ಇತ್ತು, ಪರದೇಶದ್ದು. ಅದು ಆಕೆಗೇ ಸಲ್ಲಬೇಕೆಂದು ಬಸಲಿಂಗವ್ವ ತೀರ್ಮಾನ ಕೊಟ್ಟರು. ಒಬ್ಬರಿಗೆ ಮುತ್ತುಗದ ಹೂವಿನ ಕೇಸರಿ, ಒಬ್ಬರಿಗೆ ಸೊಪ್ಪಿನ ಹಸಿರು. ನೀಲಿಯನ್ನು ಸಭೆಗೆ ಬಾರದವರಿಗೆ ಹಚ್ಚಿದರು. “ನಮ್ಮ ಮನ್ಯಾಗ ಅರಿಷಿಣ. ನನ್ನ ಮಗ ಅಂಗಡ್ಯಾಗ ಚೀಲ ತುಂಬಿ ಇಟ್ಟಾನ, ಒಂದಿನಾರ ಹೊರಗ ಬರ್ಲಿ,” ಎಂದರು ಬಸಲಿಂಗವ್ವ. ಸುದ್ದಿ ರುದ್ರಪ್ಪನವರಿಗೂ ತಿಳಿದಿತ್ತು. ಅವರು ಬೇಡ ಎನ್ನಲಿಲ್ಲ. ಕೆಂಪು ಬರುವುದೆಂಬ ಭರವಸೆ ಅವರಿಗೆ ಪೂರ್ತಿ ಇತ್ತು.

ಓಕುಳಿಯ ದಿನ ನಾನು ಬಿಳಿಯ ಸೀರೆ ಉಟ್ಟು ಹೋದೆ. ಬಣ್ಣ ಹತ್ತಿದರೆ ಯಾವುದೆಂದು ತಿಳಿಯಲಿ ಎಂದು. ಓಣಿಗೆ ಕಾಲಿಟ್ಟ ಕೂಡಲೇ ಗಂಗವ್ವನ ಹಿರಿಯ ಮಗಳು ಸೀರೆಯ ಅಂಚಿಗೆ ಕೆಂಪು ಎರಚಿ, ತಾನೇ ಹೆದರಿ ಓಡಿಹೋದಳು. ಉಳಿದದ್ದನ್ನು ವಿವರಿಸುವುದಿಲ್ಲ. ರುದ್ರಪ್ಪನವರೊಬ್ಬರು ಒಗೆದ ಧೋತರ ಉಟ್ಟು, ತಮ್ಮ ಕಟ್ಟೆಯ ಮೇಲೆ ಒಂದು ಹನಿಯೂ ಹತ್ತದ ಹಾಗೆ ಕುಳಿತಿದ್ದರು.

ಹಲಗೆ ನಿಂತಿತು. ಮನೆಮನೆಯಲ್ಲಿ ಹಂಡೆ ಬರಿದು ಮಾಡುವ ಸದ್ದು ಕೇಳಿತು. ಓಣಿಯ ಜನವೆಲ್ಲ ಒಣಗುತ್ತಿರುವ ಬಣ್ಣದ ಮುಖ ಹೊತ್ತು ರುದ್ರಪ್ಪನವರ ಕಟ್ಟೆಯ ಮುಂದೆ ನಿಂತರು. ಕಲ್ಲಿನ ಸಂದಿಯಿಂದ ನೀರು ಜಿನುಗತೊಡಗಿತು.

ಅದು ಕೆಂಪಾಗಿತ್ತು.

ರುದ್ರಪ್ಪನವರು ಕೆಳಗಿಳಿದು, ಧೋತ್ರದ ಚುಂಗನ್ನು ಆ ನೀರಿನಲ್ಲಿ ಅದ್ದಿ, ಎತ್ತಿ ಹಿಡಿದು ತೋರಿಸಿದರು. ಬಿಳಿಯ ಬಟ್ಟೆಯ ಮೇಲೆ ಕೆಂಪು ಏರುತ್ತಿತ್ತು. “ನೋಡ್ರಿ. ನಾ ಏನೂ ಅನ್ನಂಗಿಲ್ಲ. ನೀರ ಅಂತೈತಿ.”

ಗಂಗವ್ವ ಅಳಲಿಲ್ಲ. ನನ್ನ ಕಡೆ ತಿರುಗಿ, “ಹೊಕ್ಕೇನ್ರಿ ಬಾಯಾರ. ಒಲಿ ಮ್ಯಾಲ ಅನ್ನ ಐತಿ,” ಎಂದಳು. “ಯುಗಾದಿ ತನಕ ಆದ್ರೂ ಮಂದಿ ಉಣ್ಣಾಕ ಬರ್ತಾರಲ್ಲ.”

ನಾನು ಆ ಧೋತ್ರದ ಚುಂಗನ್ನೇ ನೋಡುತ್ತಿದ್ದೆ. ನನ್ನ ಸೀರೆಯ ಅಂಚಿನ ಕೆಂಪಿಗೂ ಅದಕ್ಕೂ ಕಣ್ಣಿಗೆ ಹೆಚ್ಚು ವ್ಯತ್ಯಾಸ ಇರಲಿಲ್ಲ. ಆದರೆ ನೀರು ಇಷ್ಟು ಬೇಗ ಅಷ್ಟು ದೂರದಿಂದ ಬರಲು ಸಾಧ್ಯವೇ? ಮತ್ತೆ ಅರಿಶಿನ ಎಲ್ಲಿ ಹೋಯಿತು? ರುದ್ರಪ್ಪನವರ ಮನೆಯ ಗೋಡೆ ನೋಡಿದೆ. ಹಬ್ಬಕ್ಕೆಂದು ಹೊಸದಾಗಿ ಬಳಿದಿದ್ದರು. ಹೊಸ್ತಿಲ ಪಕ್ಕದಲ್ಲಿ ಬಿಳಿ ತೊಟ್ಟಿಕ್ಕಿದ ಗುರುತು ಇನ್ನೂ ಹಸಿಯಾಗಿತ್ತು.

ಗುಂಪಿನ ನಡುವೆ ಗಟ್ಟಿಯಾಗಿ ಮಾತಾಡುವುದು ನನಗೆ ರೂಢಿಯಿಲ್ಲ. ಬಸಲಿಂಗವ್ವನ ಹತ್ತಿರ ಹೋಗಿ ಕೇಳಿದೆ: “ಸುಣ್ಣದ ಗಡಿಗೆ ಎಲ್ಲಿ ತೊಳದ್ರಿ?”

“ಬಚ್ಚಲದಾಗ. ಮತ್ತೆಲ್ಲಿ ತೊಳೀಬೇಕು? ಗಸಿ ಎಲ್ಲಾ ಅಲ್ಲೇ—” ಅಷ್ಟಕ್ಕೇ ನಿಂತರು. ನನ್ನ ಮುಖ ನೋಡಿದರು. ಆಮೇಲೆ ಅವರೇ ಗಟ್ಟಿಯಾಗಿ ಕೂಗಿದರು: “ಗಂಗೀ, ನಿಂದ್ರ. ಒಂದು ನಿಂಬಿಹಣ್ಣು ತರಿಸು.”

ಗಂಗವ್ವನ ಮಗಳು ಖಾನಾವಳಿಯಿಂದ ನಿಂಬೆಹಣ್ಣು ತಂದಳು. ನಾನು ಅದನ್ನು ಹೆಚ್ಚಿ, ಮೊದಲ ಹೋಳನ್ನು ನನ್ನ ಸೀರೆಯ ಅಂಚಿನ ಮೇಲೆ ಹಿಂಡಿದೆ. ಗಂಗವ್ವನ ಪೊಟ್ಟಣದ ಕೆಂಪು ಕೆಂಪಾಗಿಯೇ ಉಳಿಯಿತು. ಇನ್ನೊಂದು ಹೋಳನ್ನು ಬಸಲಿಂಗವ್ವ ನನ್ನ ಕೈಯಿಂದ ಕಸಿದುಕೊಂಡು, ಮಗನ ಧೋತ್ರದ ಚುಂಗು ಹಿಡಿದು ಹಿಂಡಿದರು. ನಿಂಬೆಯ ರಸ ಬಿದ್ದಲ್ಲೆಲ್ಲ ಕೆಂಪು ಹೋಗಿ ಹಳದಿ ಮೂಡಿತು. ಬಟ್ಟೆಯ ಮೇಲೆ ಅರಿಶಿನ ಹೂಬಿಟ್ಟ ಹಾಗೆ ಹರಡಿತು.

“ಅರಿಷಿಣಕ್ಕ ಸುಣ್ಣ ಕೂಡಿದ್ರ ಆರತಿ ಓಕಳಿ ಆಕ್ಕೈತಿ ಅಂತ ತೊಟ್ಟಿಲ ಕೂಸಿಗೂ ಗೊತ್ತೈತಿ,” ಎಂದರು ಬಸಲಿಂಗವ್ವ. “ನಾವು ಇಷ್ಟು ಮಂದಿ ಮುತ್ತೈದೇರು ನಿಂತು ಕೆಂಪು ನೀರು ಪಿಳಿಪಿಳಿ ನೋಡಾಕತ್ತೇವಿ. ನನ್ನ ಮಗ ಅಂತೂ ಅರಿಷಿಣ ಮಾರಾಂವ.”

ಓಣಿಯೆಲ್ಲ ನಗತೊಡಗಿತು. ನಗುವಿನ ಗುಂಪು ಹಾಗೆಯೇ ಗಂಗವ್ವನ ಹಿತ್ತಲಿಗೆ ಹೋಯಿತು. ಬಾಳೆಗಿಡದ ಪಾತಿಯಲ್ಲಿ ಕೆಂಪು ನೀರು ನಿಂತಿತ್ತು. ಅದರಲ್ಲಿ ಎಮ್ಮೆ ನಾಲ್ಕು ಕಾಲಿಗೂ ಬಣ್ಣ ಹಚ್ಚಿಕೊಂಡು ಮೆಲುಕು ಹಾಕುತ್ತಿತ್ತು. ಒಂದು ಹನಿಯೂ ಓಣಿಗೆ ಇಳಿದಿರಲಿಲ್ಲ.

ರುದ್ರಪ್ಪನವರ ಕಟ್ಟೆಯ ಮುಂದಿನ ನೀರು ಅವರದೇ ಬಚ್ಚಲಿನದು. ಮರಳಿ ಬಂದು ಕಲ್ಲಿನ ಸಂದಿಯಲ್ಲಿ ಬಸಲಿಂಗವ್ವನ ಕೋಲು ಇಳಿಸಿ ನೋಡಿದಾಗ ಕಾರಣ ತಿಳಿಯಿತು: ಕೆಲವು ವರ್ಷಗಳ ಹಿಂದೆ ಹೊಸ ಕಟ್ಟೆ ಕಟ್ಟಿಸಿದಾಗ ಅದನ್ನು ಓಣಿಯ ಕಡೆ ಮುಂದಕ್ಕೆ ತಂದು, ಹಳೆಯ ಗಟಾರದ ಬಾಯಿಯ ಮೇಲೆಯೇ ಚಪ್ಪಡಿ ಕೂಡಿಸಿದ್ದರು. ಅಂದಿನಿಂದ ನೀರು ಹಿಂದಕ್ಕೆ ಬರುತ್ತಿತ್ತು. ಬೇಕೆಂದು ಮಾಡಿದ್ದಲ್ಲ. ಆ ಚಪ್ಪಡಿ ಎತ್ತಿದರೆ ಗಟಾರ ಬಿಚ್ಚಿಕೊಳ್ಳುತ್ತಿತ್ತು. ಕೆಳಗಿನ ಮನೆಗಳ ನೀರಿಗೂ ದಾರಿಯಾಗುತ್ತಿತ್ತು. ಬಸಲಿಂಗವ್ವ ಅಲ್ಲಿಯೇ ಮಗನಿಗೆ ಹೇಳಿದರು: “ಕಟ್ಟಿ ಒಡಿ.”

“ಕಟ್ಟಿಗೆ ಯಾರೂ ಕೈ ಹಚ್ಚಬಾರದು,” ಎಂದರು ರುದ್ರಪ್ಪನವರು. ಹಳದಿ ಕೆಂಪು ಮೆತ್ತಿದ ಚುಂಗನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಊಟಕ್ಕೂ ಏಳಲಿಲ್ಲವೆಂದು ಸಂಜೆಗೆ ತಿಳಿಯಿತು.

ವರದಿ ಬರೆಯುವುದಕ್ಕೆ ಕಷ್ಟವಿರಲಿಲ್ಲ. ಖಾನಾವಳಿಯ ನೀರು ಅಲ್ಲ ಎಂದು ಬರೆದರೆ ಪರವಾನಿಗೆ ಸಿಗುತ್ತಿತ್ತು. ಆ ಸಂಜೆ ಗಂಗವ್ವನಿಗೆ ಹಾಗೆಯೇ ಹೇಳಿದೆ. ಆಕೆಯ ಮುಖ ಅರಳಲಿಲ್ಲ.

“ಗೆದ್ದೆ ಅಂತ ಅನಬ್ಯಾಡ್ರಿ ಬಾಯಾರ,” ಎಂದಳು. “ಆ ಯಪ್ಪ ಇವತ್ತು ಎಲ್ಲಾರ ಮುಂದ ಸಣ್ಣಾಂವ ಆದ. ದೊಡ್ಡ ಮನಶ್ಯಾ ಸಣ್ಣಾಂವ ಆದ್ರ ಸುಮ್ನ ಕುಂದ್ರಂಗಿಲ್ಲ. ಇವತ್ತು ನೀರು ಅಂದ, ನಾಳಿಗೆ ಹೊಗಿ ಅಂತಾನ. ನಾಡದ ಉಣ್ಣಾಕ ಬರೋ ಮಂದಿ ಗದ್ದಲ ಅಂತಾನ. ಎಷ್ಟು ಸಲ ನಿಂಬಿಹಣ್ಣು ಹಿಂಡ್ತೀರಿ?”

ಕಟ್ಟೆ ತೆರವು ಮಾಡಿಸಲು ನೋಟಿಸು ಕೊಡುವ ಅಧಿಕಾರ ನನಗಿತ್ತು. ಕೊಟ್ಟರೆ ಕಟ್ಟೆ ಹೋಗುತ್ತಿತ್ತು, ಗಂಗವ್ವನ ಒಲೆಗೆ ಮಾತ್ರ ಆ ಓಣಿಯಲ್ಲಿ ನೆಮ್ಮದಿ ಇರುತ್ತಿರಲಿಲ್ಲ. ಒಮ್ಮೆ ರುದ್ರಪ್ಪನವರು ಒಬ್ಬರೇ ಇದ್ದಾಗ ಮಾತಾಡಿಸಿ ನೋಡೋಣ ಎಂದುಕೊಂಡೆ.

ಮರುದಿನ ಬೆಳಿಗ್ಗೆ, ಅಂಗಳಕ್ಕೆ ನೀರು ಹಾಕುವ ಹೊತ್ತಿಗೂ ಮೊದಲೇ, ಓಣಿಯ ಮೇಲ್ತುದಿಗೆ ಬಂದೆ. ಬೆಳಕು ಆಗಷ್ಟೇ ಹರಿಯುತ್ತಿತ್ತು. ಕೆಳಗೆ, ಕಟ್ಟೆಯ ಮುಂದೆ, ರುದ್ರಪ್ಪನವರು ಕಚ್ಚೆ ಬಿಗಿದುಕೊಂಡು ಬಗ್ಗಿದ್ದರು. ಆಳು ಇರಲಿಲ್ಲ. ಹಾರೆಯ ಮೊನೆಯನ್ನು ಚಪ್ಪಡಿಯ ಸಂದಿಗೆ ತೂರಿಸಿ ಮೀಟುತ್ತಿದ್ದರು. ಸದ್ದು ಆಗಬಾರದೆಂದು ಹಾರೆಗೆ ಗೋಣಿತಟ್ಟು ಸುತ್ತಿದ್ದರು. ಆದರೂ ಕಲ್ಲು ಸದ್ದು ಮಾಡುತ್ತಿತ್ತು. ಒಮ್ಮೆ ನಿಂತು, ಸೊಂಟ ನೆಟ್ಟಗೆ ಮಾಡಿ, ಓಣಿಯ ಬಾಗಿಲುಗಳನ್ನೆಲ್ಲ ಒಂದೊಂದಾಗಿ ನೋಡಿದರು. ಅವರ ಕಣ್ಣು ಮೇಲ್ತುದಿಗೆ ಬರುವ ಮೊದಲು ನಾನು ಖಾನಾವಳಿಯ ಒಳಗೆ ಸರಿದೆ.

ಗಂಗವ್ವ ಆಗಷ್ಟೇ ಒಲೆ ಹೊತ್ತಿಸಿದ್ದಳು. ಸದ್ದು ಕೇಳಿ ಬಾಗಿಲಿಗೆ ಬಂದವಳು ಇಣುಕಿದಳು, ಬಾಯಿ ತೆರೆದಳು.

“ಚಹಾ ಐತೇನು?” ಎಂದೆ.

ಆಕೆ ನನ್ನನ್ನು ನೋಡಿದಳು. ಮತ್ತೊಮ್ಮೆ ಹೊರಗೆ ನೋಡಿದಳು. ಆಮೇಲೆ ಸದ್ದಾಗದ ಹಾಗೆ ಕದವನ್ನು ಮುಚ್ಚಿ, ಒಲೆಯ ಮೇಲೆ ಗಿಂಡಿ ಇಟ್ಟಳು. ನಾನು ಓಣಿಗೆ ಬೆನ್ನು ಹಾಕಿ ಮಣೆಯ ಮೇಲೆ ಕುಳಿತೆ. ಚಹಾ ಮುಗಿಯಿತು, ಹಾರೆಯ ಸದ್ದು ಇನ್ನೂ ಮುಗಿದಿರಲಿಲ್ಲ. ಹಾಗಾಗಿ ಇನ್ನೊಂದು ಕಪ್ಪು ಕೇಳಿದೆ.